ಸಾತವ್ವನ ಅಳು

"ಬಟ್ಟು ಬಿಡವಲ್ಲವು," ಎನ್ನುತ್ತ ಜಂಗಮ ಚನ್ನಬಸಯ್ಯನವರು ಗೌರೀಶನ ಬೆರಳು ಮಡಚಿದ ಎಡಗೈಯನ್ನು ತಮ್ಮ ಅಂಗೈಗಳ ನಡುವೆ ಹಿಡಿದು ಉಜ್ಜತೊಡಗಿದರು. "ಅಂಗೈನ ತೆರೀಲಿಲ್ಲಂದ್ರ ಲಿಂಗಾ ಎಲ್ಲಿಡ್ಲಿ?"

ಬೆಳಗಾವಿಯ ರಾಮತೀರ್ಥ ನಗರದ ಆ ಸಣ್ಣ ಮನೆಯಲ್ಲಿ ಗೌರೀಶನನ್ನು ಗೋಡೆಗೆ ಆನಿಸಿ ಕುರ್ಚಿಯ ಮೇಲೆ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ಜಾರದಂತೆ ಎದೆಗೆ ಬಿಗಿದ ಬಿಳಿ ಪಂಚೆ. ಬೆಳಗಿನ ಜಾವ ಜೀವ ಹೋಗಿತ್ತು. ಲಿಂಗವಂತರ ಹೆಣ ಮಲಗುವುದಿಲ್ಲ. ಕೂತೇ ಹೋಗಬೇಕು, ಕೂತೇ ಮಣ್ಣಾಗಬೇಕು, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು. ಮೈ ಸೆಟೆಯುವ ಮೊದಲೇ ಇದೆಲ್ಲ ಮುಗಿಸಬೇಕು. ಆದರೆ ಈ ಎಡಗೈ ಸಾಯುವುದಕ್ಕೆ ಎಷ್ಟೋ ಮೊದಲೇ ಸೆಟೆದಿತ್ತು.

"ಜಬರ್ದಸ್ತಿ ಮಾಡಬ್ಯಾಡ್ರಿ ಅಯ್ಯಾರ," ಎಂದ ಅರಿಹಂತ. ಗೌರೀಶ ಗಿಟಾರ್ ಹಿಡಿದು ಹಾಡಿದಲ್ಲೆಲ್ಲ ಬೆನ್ನ ಹಿಂದೆ ಕೂತು ಡ್ರಮ್ ಬಾರಿಸಿದವನು ಇವನೇ. ಈಗ ಇದೇ ಊರಿನ ಸದಾಶಿವನಗರದಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. "ಲಕ್ವಾ ಹೊಡದಾಗಿಂದ ಆ ಕೈ ಹಂಗ ಅದ. ತಂತಿ ಒತ್ತಿ ಹಿಡದಂಗ."

ಅಯ್ಯನವರು ಕೊನೆಗೆ ಲಿಂಗವನ್ನು ಮಡಚಿದ ಬೆರಳುಗಳ ಸಂದಿಯಿಂದಲೇ ಒಳಗೆ ಜಾರಿಸಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಅದು ಅಲ್ಲಿ ಕೂತುಬಿಟ್ಟಿತು. "ಹಿಡಕೊಂಡ ನೋಡ್ರಿ," ಎಂದರು. ತಮ್ಮ ಮಾತಿಗೆ ತಾವೇ ಬೆಚ್ಚಿ ಕೈ ಹಿಂದೆ ತೆಗೆದುಕೊಂಡರು.

ಆಗಲೇ ಖಾನಾಪುರದಿಂದ ಸಾತವ್ವ ಬಂದಳು. ಗೌರೀಶನ ಅಕ್ಕ. ಹೆಣದ ಮುಂದೆ ಕೂತಿದ್ದ ಹೆಂಗಸರು ಯಾರೂ ಹೇಳದೆಯೇ ಸರಿದು ಜಾಗ ಬಿಟ್ಟರು. ಬಿಡಲೇಬೇಕಲ್ಲ! ಒಂದು ಕಾಲಕ್ಕೆ ಅವರ ಓಣಿಯಲ್ಲಿ ಯಾರೇ ಸಾಯಲಿ, ಸಾತವ್ವ ಬಂದು ಹಾಡ್ಯಾಡಿ ಅಳುವವರೆಗೆ ಹೆಣ ಎತ್ತುತ್ತಿರಲಿಲ್ಲ. ಸತ್ತವರು ಉಂಡ ತಾಟು, ತೊಟ್ಟ ಅಂಗಿ, ಅರ್ಧಕ್ಕೇ ಬಿಟ್ಟ ಕೆಲಸ ಎಲ್ಲವನ್ನೂ ಎಳೆದೆಳೆದು ಹಾಡುತ್ತ ಅಳುವಳು. ಕಲ್ಲಿನಂಥ ಗಂಡಸರೂ ಮೋರೆ ತಿರುಗಿಸಿ ಮೂಗು ಒರೆಸಿಕೊಳ್ಳುತ್ತಿದ್ದರು. ಆ ಸಾತವ್ವ ಈಗ ತಮ್ಮನ ಪಾದದ ಹತ್ತಿರ ಕೂತು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅಳಲಿಲ್ಲ.

"ಗಂಡ ಸತ್ತಾಗನ ಬಾಯಿ ತೆರೀಲಿಲ್ಲ. ತಮ್ಮಗ ತೆರೀತಾಳೇನು?" ಎಂದು ಹಿಂದಿನಿಂದ ಒಬ್ಬಳು ಪಿಸುಗುಟ್ಟಿದಳು.

ಅದು ಸಾತವ್ವನಿಗೆ ಕೇಳಿಸಿತು. ಕೇಳಿಸಲಿ ಎಂದೇ ಅಂದದ್ದು.

*

ಅವರವ್ವ ಸತ್ತ ದಿನ ಒಲೆಯ ಮೇಲೆ ಹಾಲಿತ್ತು. ಹಾಲಿಟ್ಟು, ಕಟ್ಟಿಗೆ ಮುಂದೆ ಮಾಡಲು ಬಗ್ಗಿದವಳು ಮತ್ತೆ ಏಳಲಿಲ್ಲ. ಹಾಲು ಉಕ್ಕಿ ಬೆಂಕಿ ತಾನೇ ಆರಿತ್ತು. ಸಾತವ್ವ ಓಡಿಬಂದು ಅದನ್ನು ನೋಡಿದಳು, ಮತ್ತು ಅವಳ ಬಾಯಿಂದ ಅದೇ ಹೊರಟಿತು:

ಹಾಲಿಟ್ಟ ಒಲಿ ಬಿಟ್ಟ ಎಲ್ಲಿಗ್ಹೋದೆವ್ವಾ
ಹಾಲಿಟ್ಟ ಒಲಿ ಬಿಟ್ಟ ಎಲ್ಲಿಗ್ಹೋದೆವ್ವಾ
ಉಕ್ಕಿದ ಹಾಲಾ ಯಾರ ಇಳಿಸ್ಯಾರ

ಗೌರೀಶ ಬಾಗಿಲಲ್ಲಿ ನಿಂತಿದ್ದ. ಆಗ ಅವನು ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಅಂತೋನ್ ಮಾಸ್ತರ್ ಎಂಬ ಗೋವೆಯವನ ಹತ್ತಿರ ಗಿಟಾರ್ ಕಲಿಯುತ್ತಿದ್ದ. ಮಾಸ್ತರನಿಗೆ ಬ್ಲೂಸ್ ಎಂದರೆ ಪ್ರಾಣ. ಅಮೇರಿಕದ ಹತ್ತಿಯ ಹೊಲದಲ್ಲಿ ಜೀತ ಮಾಡಿದ ಕಪ್ಪು ಜನರ ಹಾಡು ಅದು, ಒಂದು ಸಾಲು ಹಾಡಬೇಕು, ಅದೇ ಸಾಲು ಮತ್ತೆ ಹಾಡಬೇಕು, ಆಮೇಲೆ ಸುಮ್ಮನಾಗಿ ಗಿಟಾರಿಗೆ ಉತ್ತರ ಕೊಡಲು ಬಿಡಬೇಕು, ಆಮೇಲೇ ಮೂರನೇ ಸಾಲು ಎಂದು ಹೇಳಿಕೊಟ್ಟಿದ್ದ. ಗೌರೀಶನಿಗೆ ಅದೊಂದೂ ತಲೆಗೆ ಹೋಗಿರಲಿಲ್ಲ. ಈಗ ಸಾತವ್ವ ಎರಡನೇ ಸಾಲಿನ ಕೊನೆಗೆ ಬಿಕ್ಕಿ ಉಸಿರು ಹಿಡಿದಾಗ ಅವನ ಮೈ ಜುಂ ಎಂದಿತು. ಅವ್ವನ ಹೆಣದ ಮುಂದೆ ನಿಂತು ತಾನು ಕಾಲಿನಿಂದ ತಾಳ ಹಾಕುತ್ತಿದ್ದೇನೆ ಎಂದು ಅವನಿಗೆ ತಡವಾಗಿ ಗೊತ್ತಾಯಿತು. ನಾಚಿಕೆಯಿಂದ ಹಿತ್ತಲಿಗೆ ಹೋಗಿ ನಿಂತುಕೊಂಡ.

ಮುಂದೆ ಅವನು ಜಾಂಬೋಟಿಯ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದು ಗೋವಾದ ಹೋಟೆಲುಗಳಿಗೆ ಹೋಗಿ ಹಾಡಿದ. ಮದುವೆಯ ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡು ಬಾರಿಸಿದ. ಸದಾಶಿವನಗರದ ಹುಡುಗರಿಗೆ ಗಿಟಾರ್ ಹೇಳಿಕೊಟ್ಟ. ಹೆಸರು ಗಿಸರು ಏನೂ ಆಗಲಿಲ್ಲ, ಹೊಟ್ಟೆಗಂತೂ ಕಡಿಮೆಯಾಗಲಿಲ್ಲ. ಕ್ಯಾಂಪಿನ ಒಂದು ಹೋಟೆಲಿನಲ್ಲಿ ವಾರಕ್ಕೊಂದು ಸಂಜೆ ಬ್ಲೂಸ್ ಹಾಡುವ ಕೆಲಸ ಸಿಕ್ಕಾಗ ಮಾತ್ರ ಅವನು ಕುಣಿದಾಡಿ ಅಕ್ಕ-ಮಾವನನ್ನು ಕರೆಸಿದ. ಮುಂದಿನ ಟೇಬಲ್ಲಿಗೆ ಕೂಡಿಸಿದ. ಐಸ್‌ಕ್ರೀಮ್ ತರಿಸಿದ. "ಅಕ್ಕಾ, ನಿಂಗಂತ ಒಂದ ಹಾಡ ಐತಿ," ಎಂದು ಕಣ್ಣು ಮಿಟುಕಿಸಿ ಹೋದ.

ಹಾಲಿಟ್ಟ ಒಲಿ ಬಿಟ್ಟ ಎಲ್ಲಿಗ್ಹೋದೆವ್ವಾ.

ಸಾತವ್ವನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಅವಳು ಬಿಕ್ಕಿದ್ದ ಜಾಗದಲ್ಲಿ ಗಿಟಾರ್ ಬಿಕ್ಕಿತು, ಥೇಟ್ ಅವಳ ಹಾಗೆ. ಹಾಡು ಮುಗಿದಾಗ ಜನ ಗ್ಲಾಸು ಎತ್ತಿ ಚಪ್ಪಾಳೆ ಹೊಡೆದರು. "ಒನ್ಸ್ ಮೋರ್!" ಎಂದು ಒಬ್ಬ ಕೂಗಿದ.

ಎದ್ದು ಹೊರಬಿದ್ದವಳ ಹಿಂದೆ ಓಡಿಬಂದ ಗೌರೀಶನಿಗೆ ಅವಳು ಒಂದೇ ಮಾತು ಹೇಳಿದಳು. "ಅವ್ವನ ಹೆಣಾ ನಡುವ ಕುಂದ್ರಿಸಿ ಕುಡುಕರ ಕಡಿಂದ ಚಪ್ಪಾಳಿ ಹೊಡಿಸಿದೆಲ್ಲೋ. ಇನ್ನ ನಾ ಯಾರಿಗೂ ಅಳೂದಿಲ್ಲ. ನೀ ಸತ್ತರೂ ಅಳೂದಿಲ್ಲ."

ಅಕ್ಕನಿಗೆ ಖುಷಿಯಾಗುತ್ತದೆ ಎಂದೇ ಅವನು ತಿಳಿದಿದ್ದ. ಪಾಪ.

*

"ಅಕ್ಕಾರ, ಒಳಗ ಬರ್ರಿ ಸ್ವಲ್ಪ," ಎಂದು ಗೌರೀಶನ ಹೆಂಡತಿ ಕಾಂತಾ ಸಾತವ್ವನ ರಟ್ಟೆ ಹಿಡಿದು ಎಬ್ಬಿಸಿದಳು. ಅವಳು ಬೆಳಿಗ್ಗೆಯಿಂದ ಸೆರಗನ್ನು ತಲೆಗೆ ಬಿಗಿದು, ಎರಡೂ ಕಿವಿ ಮುಚ್ಚಿ ಸುತ್ತಿಕೊಂಡಿದ್ದಳು. ಚಳಿಯೇನೂ ಇರಲಿಲ್ಲ.

ಒಳಗಿನ ಖೋಲಿಯಲ್ಲಿ ಗೌರೀಶನ ಮಂಚ ಖಾಲಿ ಇತ್ತು. ಕಾಂತಾ ಅದರ ಕಡೆ ನೋಡದೆ ಬಾಗಿಲಿಗೇ ನಿಂತಳು.

"ನಾ ಹುಚ್ಚಿ ಅಲ್ರಿ ಅಕ್ಕಾರ. ಅವರ ಜೀವಾ ಹೋದ ಮ್ಯಾಲೂ ಇಲ್ಲಿಂದ ಕೇಳಸಾಕತ್ತೈತ್ರಿ."

"ಏನ ಕೇಳಸ್ತೈತಿ?"

"ನಿಮ್ಮ ಅಳು."

ಸಾತವ್ವ ಮಂಚದ ಕಡೆ ನೋಡಿದಳು.

"ಲಕ್ವಾ ಹೊಡದ ಮ್ಯಾಲ ಮಾತ ಪೂರಾ ಹೋತ್ರಿ. ನನ್ನ ಹೆಸರ ಸೈತ ಬರತಿದ್ದಿಲ್ಲ. ಅದೊಂದ ಹಾಡ ಉಳಿದಿತ್ತು. ನೀರ ಬೇಕಂದ್ರೂ ಅದ, ಚಾ ಬೇಕಂದ್ರೂ ಅದ, ಸಂಡಾಸಕ್ಕ ಹೋಗಬೇಕಂದ್ರೂ ಅದ. ಹಾಲಿಟ್ಟ ಒಲಿ ಬಿಟ್ಟ. ಎರಡ ಸಲ ಹಾಡಿ ಸುಮ್ಮನಾಗಿ ಆ ಎಡಗೈ ನೋಡಕೋಂತ ಕುಂದರವ್ರು. ಕೈ ಏಳತಿದ್ದಿಲ್ಲ. ಗಿಟಾರ ಇಲ್ಲದ ಮೂರನೇ ಸಾಲ ಬಾಯಿಗಿ ಬರತಿದ್ದಿಲ್ಲ. ಮತ್ತ ಮೊದಲಿಂದ ಸುರು. ಒಂದ ದಿನಾನೂ ಮುಗೀಲಿಲ್ರಿ ಅದು." ಕಾಂತಾ ಕಿವಿಯ ಮೇಲಿನ ಸೆರಗನ್ನು ಇನ್ನಷ್ಟು ಬಿಗಿದಳು. "ಈಗೂ ಮುಗಿವಲ್ತು. ಎರಡ ಸಾಲ ಕೇಳಸ್ತೈತಿ, ನಿಂದರ್ತೈತಿ. ನಾ ಒಬ್ಬಾಕೀನ ಈ ಮನ್ಯಾಗ ಹೆಂಗ ಇರ್ಲಿ? ಹಾಡ ನಿಮ್ದು. ನೀವ ಮುಗಸ್ರಿ. ನಿಮ್ಮ ಕಾಲ ಬೀಳ್ತೀನಿ."

"ಯಾಕ ಹೇಳಿ ಕಳಸಲಿಲ್ಲ ನಂಗ?"

"ಕಳಸೂಣು ಅಂದ್ರ ಅಳತಿದ್ರು. ಅಕ್ಕ ಬರೂದಿಲ್ಲ ಅಂತ ಅವರಿಗಿ ಗೊತ್ತಿತ್ತೋ ಏನೋ."

ಸಾತವ್ವ ಖಾಲಿ ಮಂಚದ ಮೇಲೆ ಕೂತಳು. ತನ್ನ ತಮ್ಮ ನೀರು ಕೇಳಲೂ ತನ್ನ ಅಳುವನ್ನೇ ಅಳಬೇಕಾಯಿತು, ತಾನು ಖಾನಾಪುರದಲ್ಲಿ ಸಿಟ್ಟು ಹಿಡಿದು ಕೂತೇ ಇದ್ದೆ ಎಂದುಕೊಂಡಳು. ಅಳಲೆಂದು ಬಾಯಿ ತೆರೆದಳು, ಅಳು ಬರಲಿಲ್ಲ.

"ಬರೂದಿಲ್ಲವಾ ನಂಗ," ಎಂದಳು. "ಆವತ್ತಿಂದ ಅದು ಒಳಗ ಒಣಗೇತಿ."

*

ಮಧ್ಯಾಹ್ನ ಇಳಿದ ಮೇಲೆ ಹೆಣವನ್ನು ಖಾನಾಪುರಕ್ಕೆ ತಂದರು. ಅವ್ವನ ಗದ್ದಿಗೆಯ ಬಾಜುವಿನಲ್ಲೇ ಕುಣಿ ತೋಡಿತ್ತು. ಕುಣಿಯ ಒಂದು ಬದಿಗೆ ಕೂಡಿಸಲು ಗೂಡು ಕೊರೆದಿತ್ತು. ಅರಿಹಂತ ವ್ಯಾನಿನಿಂದ ಇಳಿಯುವಾಗ ಅವನ ಕೈಯಲ್ಲಿ ಗೌರೀಶನ ಗಿಟಾರ್ ಇತ್ತು.

"ಅದನ್ನೂ ಒಳಗ ಇಡಸ್ತೀಯೇನಪಾ?" ಎಂದರು ಚನ್ನಬಸಯ್ಯನವರು. "ಲಿಂಗಾ, ವಿಭೂತಿ, ಪತ್ರಿ ಇಷ್ಟ ನಮ್ಮ ಪೈಕಿ."

"ಇಲ್ರಿ ಅಯ್ಯಾರ. ಮನ್ಯಾಗ ಅದೊಂದನ್ನ ಬಿಟ್ಟ ಬರಾಕ ಮನಸಾಗಲಿಲ್ಲ."

"ಬಾರಸ್ತೀಯೇನು ಮತ್ತ?"

"ನಂಗ ಬರೂದಿಲ್ರಿ. ನಾ ಡ್ರಮ್ಮಿನಾಂವ."

ಗೌರೀಶನನ್ನು ಗೂಡಿನಲ್ಲಿ ಕೂಡಿಸಿದರು. ಪತ್ರಿ ಹಾಕಿದರು, ವಿಭೂತಿ ಒಟ್ಟಿದರು. ಉಪ್ಪಿನ ಚೀಲ ಬಿಚ್ಚುವಾಗ ಅಯ್ಯನವರು ತಲೆ ಎತ್ತಿ ಸಾತವ್ವನನ್ನು ನೋಡಿದರು. ಎಲ್ಲರೂ ನೋಡಿದರು. ಅವಳು ಕುಣಿಯ ಅಂಚಿಗೆ ಬಂದು ಬಗ್ಗಿದಳು. ಉಪ್ಪು, ಮಣ್ಣು, ಹೂವು ಯಾವುದೂ ಅವಳಿಗೆ ಕಾಣಲಿಲ್ಲ. ಲಿಂಗ ಹಿಡಿದ ಆ ಎಡಗೈ ಕಂಡಿತು, ತಂತಿ ಒತ್ತಿ ಕಾಯುತ್ತ ಕೂತಿದ್ದ ಹಾಗೆ.

"ಹಾಲಿಟ್ಟ ಒಲಿ ಬಿಟ್ಟ ಎಲ್ಲಿಗ್ಹೋದ್ಯೋ ತಮ್ಮಾ..."

ಮುದಿ ದನಿ, ಒಡಕು ದನಿ. ಹೆಂಗಸರ ಗುಂಪಿನಲ್ಲಿ ಯಾರೋ "ಯವ್ವಾ!" ಎಂದರು.

"ಹಾಲಿಟ್ಟ ಒಲಿ ಬಿಟ್ಟ ಎಲ್ಲಿಗ್ಹೋದ್ಯೋ ತಮ್ಮಾ..."

ಸಾತವ್ವ ನಿಂತಳು. ಬಿಕ್ಕಬೇಕಾದ ಜಾಗದಲ್ಲಿ ಬಿಕ್ಕಲಿಲ್ಲ. ಆ ಜಾಗವನ್ನು ಅವನಿಗೆ ಬಿಟ್ಟುಕೊಟ್ಟು, ತಲೆ ವಾರೆ ಮಾಡಿ ಸುಮ್ಮನೆ ನಿಂತಳು. ಎಲ್ಲರ ಕಣ್ಣು ಅರಿಹಂತನ ಎದೆಗೆ ಆತುಕೊಂಡಿದ್ದ ಗಿಟಾರಿನ ಮೇಲೆ ಹೋಯಿತು. ಅದು ತಾನಾಗಿ ನುಡಿದೀತೆಂದು ಹೆದರಿದವನಂತೆ ಅವನು ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿದುಕೊಂಡ.

"ಉಕ್ಕಿದ ಹಾಲಾ... ನಾ ಇಳಿಸೇನೋ."

ಹೆಂಗಸರು ಗೊಳೋ ಎಂದು ಅತ್ತರು. ಅಯ್ಯನವರು ಬೊಗಸೆ ತುಂಬ ಉಪ್ಪು ಹಾಕಿದರು, ಆಮೇಲೆ ಗಂಡಸರು ಮಣ್ಣು ಎಳೆದರು.

ಎಲ್ಲ ಮುಗಿದು ಜನ ತಿರುಗಿ ಹೊರಟಾಗ ಕಾಂತಾ ಒಂದು ಗಳಿಗೆ ಹಿಂದೆ ಉಳಿದಳು. ಕಿವಿಗೊಟ್ಟು ಆಲಿಸಿದಳು. ಎಲ್ಲೋ ಒಂದು ಟ್ರ್ಯಾಕ್ಟರ್ ಸದ್ದು, ಇನ್ನೇನೂ ಇಲ್ಲ. ಅವಳು ತಲೆಗೆ ಸುತ್ತಿದ್ದ ಸೆರಗನ್ನು ಮೆಲ್ಲಗೆ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. "ನಿಂತತ್ರಿ ಅಕ್ಕಾರ," ಎಂದು ಮುಂದೆ ಹೋಗುತ್ತಿದ್ದ ಸಾತವ್ವನನ್ನು ಕೂಗಿದಳು.

ಸಾತವ್ವ ತಿರುಗಲಿಲ್ಲ. ನಡೆಯುತ್ತಿದ್ದವಳು ನಡುದಾರಿಯಲ್ಲಿ ಗಕ್ಕನೆ ನಿಂತು, ಎರಡು ಸಾಲು ಕೇಳುವಷ್ಟು ಹೊತ್ತು ಆಲಿಸಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕಿವಿ ಮುಚ್ಚುವಂತೆ ಬಿಗಿಯಾಗಿ ಸುತ್ತಿಕೊಂಡಳು.