ಪಕ್ಕದ ಸೀಟಿನ ಭಾವ

ನನ್ನ ಭಾವನ ಎರಡು ತೋಳುಗಳು ಒಂದೇ ಬಣ್ಣದವಲ್ಲ. ಒಂದು ಗೋಧಿಬಣ್ಣದ್ದು, ಇನ್ನೊಂದು ಚೆನ್ನಾಗಿ ಹುರಿದ ಕಡಲೆಬೀಜದ್ದು. ಅಂಗಿ ಕಳಚಿ ನಿಂತರೆ ಇಬ್ಬರು ಗಂಡಸರ ತೋಳುಗಳನ್ನು ತಂದು ಒಂದೇ ಮೈಗೆ ಹೊಲಿದ ಹಾಗೆ ಕಾಣುತ್ತಾರೆ. ಡ್ರೈವಿಂಗ್ ಶಾಲೆಯ ಮೇಷ್ಟ್ರಾಗಿ ಆಯುಷ್ಯದ ಮುಕ್ಕಾಲು ಪಾಲನ್ನು ಕಾರಿನಲ್ಲಿ, ಆದರೆ ಸ್ಟೇರಿಂಗ್ ಇಲ್ಲದ ಸೀಟಿನಲ್ಲಿ, ಕಿಟಕಿಗೆ ಮೊಣಕೈ ಊರಿಕೊಂಡು ಕಳೆದವರು ಅವರು. ಬಿಸಿಲು ಆ ಒಂದು ತೋಳನ್ನೇ ಆರಿಸಿಕೊಂಡು ಬೇಯಿಸಿದೆ. ಚಳಿಗೆ ತೊಡುವ ಕಂದು ಕೋಟಿನ ಕಥೆಯೂ ಅದೇ. ಅದರ ಒಂದು ಮೊಣಕೈ ನಿನ್ನೆ ಹೊಲಿಸಿದಂತಿದ್ದರೆ, ಇನ್ನೊಂದಕ್ಕೆ ನನ್ನ ಅಕ್ಕ ತೇಪೆಯ ಮೇಲೆ ತೇಪೆ ಹಾಕಿ ಸೋತು, ಕೊನೆಗೆ ಹಳೆಯ ಚರ್ಮದ ಚೀಲವೊಂದನ್ನು ಕತ್ತರಿಸಿ ಹೊಲಿದಿದ್ದಾಳೆ. ಹೊಸದು ಕೊಳ್ಳಬಾರದೇ ಎಂದರೆ, "ಇದಕ್ಕೇನಾಗಿದೆ? ಒಂದು ಕೈ ಇನ್ನೂ ಹೊಸದೇ ಇದೆಯಲ್ಲ" ಎನ್ನುತ್ತಾರೆ.

ಅವರ ನಡಿಗೆಯೂ ವಿಚಿತ್ರ. ಮನೆಯೊಳಗೆ ಅಡುಗೆಕೋಣೆಯಿಂದ ಪಡಸಾಲೆಗೆ ತಿರುಗುವಾಗಲೂ ಮೂಲೆಯಲ್ಲಿ ಒಂದು ಕ್ಷಣ ನಿಂತು, ಎರಡೂ ಕಡೆ ಕಣ್ಣಾಡಿಸಿ, ಆಮೇಲೆ ಮುಂದುವರಿಯುತ್ತಾರೆ. ಮಾತು ಕಡಿಮೆ, ಆಡಿದರೂ "ಬಿಡಿ, ಬಿಡಿ, ನಿಧಾನವಾಗಿ ಬಿಡಿ" ಎಂಬ ಕ್ಲಚ್ಚಿನ ಪಾಠವೇ ಎಲ್ಲಕ್ಕೂ ಸಾಕಾಗುತ್ತದೆ, ಜಗಳಕ್ಕೂ, ಜ್ವರಕ್ಕೂ. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಬಳಿಯೂ ಒಂದು ಬ್ರೇಕ್ ಇರುತ್ತದೆ. ಭಾವನ ಬಲಗಾಲು ಆ ಬ್ರೇಕನ್ನು ಮನೆಗೂ ತಂದಿದೆ. ಅಕ್ಕ ಲೋಟಕ್ಕೆ ಚಹಾ ಸುರಿಯುತ್ತಾ ಅಂಚು ಸಮೀಪಿಸಿದರೆ, ಮಕ್ಕಳು ಮೆಟ್ಟಿಲಲ್ಲಿ ಓಡಿದರೆ, ಯಾರಾದರೂ ಆಡಬಾರದ ಮಾತನ್ನು ಆಡಲು ಬಾಯಿ ತೆರೆದರೆ, ಅವರ ಮುಖ ಶಾಂತವಾಗಿಯೇ ಇರುತ್ತದೆ, ಕೈಗಳು ತೊಡೆಯ ಮೇಲೆಯೇ ಇರುತ್ತವೆ. ಬಲಗಾಲು ಮಾತ್ರ ನೆಲವನ್ನು ಮೆಲ್ಲಗೆ ಒತ್ತುತ್ತದೆ.

ಇಷ್ಟು ಅಕ್ಕರೆಯಿಂದ ವರ್ಣಿಸುತ್ತಿದ್ದಾನಲ್ಲ ಎಂದು ಯಾರೂ ಮೋಸಹೋಗಬಾರದು. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಂಥಿಂಥ ಹೊಟ್ಟೆಕಿಚ್ಚಲ್ಲ, ಅವರ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೇ ಮೈ ಪರಚಿಕೊಳ್ಳುವಂಥದು. ಅದಕ್ಕೆ ಕಾರಣ ನನ್ನ ಅಪ್ಪ.

ಅಪ್ಪ ಅಂಗಡಿಗಳ ಬೋರ್ಡು ಬರೆಯುವ ಪೇಂಟರಾಗಿದ್ದ. ಅವನ ಅಕ್ಷರಗಳಿಗೆ ಅಳತೆಗೋಲು ಬೇಕಿರಲಿಲ್ಲ. ಏಣಿಯ ತುದಿಯಲ್ಲಿ ನಿಂತು, ಉಸಿರು ಹಿಡಿದು ಒಂದೇ ಎಳೆತಕ್ಕೆ ಎಳೆದ ಗೆರೆ ಅಲುಗದ ನೀರಿನಂತೆ ಸಮವಾಗಿರುತ್ತಿತ್ತು. ಅಂಥ ಬಲಗೈಯನ್ನೇ ಪಾರ್ಶ್ವವಾಯು ಹಿಡಿಯಿತು. ಪ್ರಾಣ ಉಳಿಯಿತು, ಮಾತು ಮರಳಿತು, ಕೈ ಮಾತ್ರ ನಡುಗುವ ಪರದೇಶಿಯಾಗಿ ಮಡಿಲಲ್ಲಿ ಬಿದ್ದುಕೊಂಡಿತು. ಊಟದ ತಟ್ಟೆಯನ್ನು ಕೋಣೆಗೇ ತರಿಸಿಕೊಂಡು, ಬಾಗಿಲು ಹಾಕಿಕೊಂಡು ಉಣ್ಣತೊಡಗಿದ. ಚೆಲ್ಲುವುದನ್ನು ನಾವು ನೋಡಬಾರದು, ಅಷ್ಟೇ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಣ್ಣುಮಗಳು ಹಿಸುಕಲೆಂದು ರಬ್ಬರಿನ ಚೆಂಡು ಕೊಟ್ಟರೆ, "ನಾನೇನು ಮಗುವಾ?" ಎಂದು ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟ.

ಆಕೆಯೇ ಯೋಚಿಸಿ ಹೇಳಿದ್ದು ಕಂಪ್ಯೂಟರಿನ ಆ ಆಟವನ್ನು. ಪರದೆಯ ಮೇಲೆ ಒಂದು ಮರದ ಹಲಗೆ. ಅದರ ತುಂಬ ಗಿಡ್ಡ ಗೋಡೆಗಳ ಚಕ್ರವ್ಯೂಹ. ಗೋಡೆಗಳ ನಡುವೆ ಬಾಯಿ ತೆರೆದ ಗುಂಡಿಗಳು. ಒಂದು ಮೂಲೆಯಲ್ಲಿ ಕಬ್ಬಿಣದ ಗುಂಡು, ಇನ್ನೊಂದು ಮೂಲೆಯಲ್ಲಿ ಹಸಿರು ಬಾವುಟ. ಗುಂಡನ್ನು ನಾವು ಮುಟ್ಟುವಂತಿಲ್ಲ. ಮೌಸನ್ನು ಸರಿಸಿದ ಕಡೆಗೆ ಹಲಗೆ ವಾಲುತ್ತದೆ, ವಾಲಿದ ಕಡೆಗೆ ಗುಂಡು ಉರುಳುತ್ತದೆ. ಗುಂಡಿಗೆ ಬಿದ್ದರೆ ಮೊದಲಿಂದ ಶುರು. ಹೇಳುವುದಕ್ಕೆ ಇಷ್ಟೇ. ಆಡಲು ಕೂತರೆ ಮನುಷ್ಯನ ಬಣ್ಣವೆಲ್ಲ ಬಯಲು. ನನ್ನ ಹೆಂಡತಿ ಗುಂಡಿನ ಜೊತೆಗೆ ತಾನೂ ಕುರ್ಚಿಯಿಂದ ವಾಲುತ್ತಿದ್ದಳು. ನಾನು ನಾಲಿಗೆ ಕಚ್ಚಿಕೊಂಡು ಭುಜ ತಿರುಚುತ್ತಿದ್ದೆ.

ನನ್ನದು ಕನ್ನಡಕದ ಅಂಗಡಿ. ಅಪ್ಪನ ಕೋಣೆಗೆ ಕಂಪ್ಯೂಟರು ತಂದಿಟ್ಟವನು ನಾನು. ಪರದೆಯ ದೂರಕ್ಕೆ ಸರಿಯಾಗಿ ಅಪ್ಪನಿಗೆಂದೇ ಹೊಸ ಕನ್ನಡಕ ಮಾಡಿದವನೂ ನಾನು. ಪಕ್ಕದಲ್ಲಿ ನಿಂತು ಎಡ, ಬಲ, ಅಯ್ಯೋ ಅಲ್ಲಲ್ಲ, ಬಲ ಎಂದು ಗಂಟಲು ಹರಿದುಕೊಂಡವನೂ ನಾನೇ. ಗುಂಡು ಮೊದಲ ಗುಂಡಿಯನ್ನೇ ದಾಟಲಿಲ್ಲ. ಅಪ್ಪ ಸ್ವಿಚ್ಚು ಆರಿಸಿ ಗೋಡೆಯ ಕಡೆಗೆ ತಿರುಗಿ ಮಲಗಿದ.

ಆಮೇಲೊಂದು ಸಂಜೆ ಅಪ್ಪ ಮತ್ತೆ ಆ ಆಟದ ಮುಂದೆ ಒಬ್ಬನೇ ಕೂತಿದ್ದಾಗ ಭಾವ ಬಂದರು. ಹೇಗಿದ್ದೀರಿ ಎಂದು ಕೇಳಲಿಲ್ಲ, ಕೈ ನೋಡಲಿಲ್ಲ. ಇನ್ನೊಂದು ಕುರ್ಚಿ ಎಳೆದು ಅಪ್ಪನ ಪಕ್ಕದಲ್ಲಿ ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು, ರಸ್ತೆ ನೋಡುವವರ ಹಾಗೆ ಪರದೆ ನೋಡುತ್ತಾ ಕೂತರು. ಬಹಳ ಹೊತ್ತಿನ ಮೇಲೆ ಒಂದು ಮಾತು. "ಮಾವ, ಗುಂಡಿನ ಹಿಂದೆ ಹೋಗ್ಬೇಡಿ. ಅದು ಎಲ್ಲಿಗೆ ಬರತ್ತೋ ಅಲ್ಲಿ ಮೊದಲೇ ಕಾಯ್ತಾ ಇರಿ."

ಮರುದಿನ ಇನ್ನೊಂದು. "ಗೋಡೆಗೆ ಒರಗಿಸ್ಕೊಂಡು ಬಿಡಿ. ಒರಗಿದ್ದು ಬೀಳಲ್ಲ."

ಹೀಗೆ ದಿನಕ್ಕೊಂದು ಮಾತು, ಔಷಧಿಯ ಗುಳಿಗೆಯಂತೆ. ಗುಂಡು ಓಡತೊಡಗಿದ ಮೇಲೆ ತಡೆಯಲು ಹೋಗಬಾರದು, ಓಡುವ ಮುಂಚೆಯೇ ಹಲಗೆಯನ್ನು ಕೂದಲೆಳೆಯಷ್ಟು ಎದುರು ದಿಕ್ಕಿಗೆ ವಾಲಿಸಬೇಕು. ಮೂಲೆ ಸಿಕ್ಕಿದರೆ ಗುಂಡನ್ನು ಅಲ್ಲಿ ಕೂರಿಸಿ ಉಸಿರು ಬಿಡಬೇಕು. ಆಟಕ್ಕೆ ಅವಸರವಿಲ್ಲ, ಅವಸರ ನಮ್ಮದು. ಎರಡು ಗುಂಡಿಗಳ ನಡುವೆ ಹಾಯುವಾಗ ಗುಂಡಿಗಳನ್ನು ನೋಡಬಾರದು, ನಡುವಿನ ನೆಲವನ್ನು ನೋಡಬೇಕು. ಇಷ್ಟೆಲ್ಲ ಹೇಳಿದ ಮನುಷ್ಯ ತಾನು ಒಮ್ಮೆಯೂ ಆಡಿ ತೋರಿಸಲಿಲ್ಲ. ಗುಂಡು ಗುಂಡಿಯತ್ತ ಜಾರಿದಾಗ ಅವರ ಬಲಗಾಲು ನೆಲ ಒತ್ತುವುದನ್ನು ಅಪ್ಪ ಕಂಡುಹಿಡಿದುಬಿಟ್ಟ. "ಅಳಿಯಂದ್ರೇ, ನಿಮ್ಮ ಬ್ರೇಕ್ ಹಿಡೀಲಿಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಪಾರ್ಶ್ವವಾಯು ಬಡಿದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಅವನ ಮೊದಲ ನಗು ಅದು.

"ಹೋಗ್ಲಿ ಬಿಡಿ ಮಾವ, ಇನ್ನೊಂದು ಬರತ್ತೆ" ಎಂದರು ಭಾವ.

ನಾನು ಬಾಗಿಲ ಆಚೆ ನಿಂತಿದ್ದೆ. ಸಂತೋಷಪಡಬೇಕಾದ ಮಗ; ನನಗೆ ಆದದ್ದು ಉರಿ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಗುಳಿಗೆ ಕೊಡುವವನು, ಬೆನ್ನು ತಿಕ್ಕುವವನು, ಉಗುರು ಕತ್ತರಿಸುವವನು ನಾನು; ನಗು ಸಂಜೆ ಬಂದು ಕೂತು ಹೋಗುವವರ ಪಾಲು. ಅಂಗಡಿ ಮುಚ್ಚಿ ನಾನು ಒಳಗೆ ಕಾಲಿಟ್ಟರೆ ಅಪ್ಪನ ದನಿ, "ಅಳಿಯಂದ್ರು ಬಂದ್ರಾ?" ನಾನೇ ತಿಕ್ಕಿ ತೀಡಿ ಮಾಡಿಕೊಟ್ಟ ಗಾಜಿನಲ್ಲಿ ಅವನು ಎದುರು ನೋಡುತ್ತಿದ್ದುದು ಭಾವನನ್ನು.

ಅಂಗಡಿಯ ಕಂಪ್ಯೂಟರಿನಲ್ಲಿ ಗುಟ್ಟಾಗಿ ಅಭ್ಯಾಸ ಶುರು ಮಾಡಿದೆ. ಫ್ರೇಮಿಗೆ ಕಾಯುತ್ತಿದ್ದ ಗಿರಾಕಿಗಳು ಗೊಣಗಿಕೊಂಡರು. ಒಬ್ಬಾಕೆ ಗಂಡನ ಕನ್ನಡಕವನ್ನು ತಾನು ಹಾಕಿಕೊಂಡು ಹೋಗಿ ಮರಳಿ ಬಂದು ಜಗಳವಾಡಿದಳು. ಆಡಲಿ! ನಾನು ಎಲ್ಲ ಹಂತಗಳನ್ನೂ ದಾಟಿ, ಕಟ್ಟಕಡೆಯ ಹಲಗೆಯ ಬಾವುಟವನ್ನೂ ಮುಟ್ಟಿದ್ದೆ. ಭಾವ ಯಾವುದೋ ಪರವೂರಿಗೆ ಲಾರಿ ಚಾಲಕರ ತರಬೇತಿಗೆಂದು ಹೋದದ್ದೇ ತಡ, ಅವರ ಕುರ್ಚಿಯಲ್ಲಿ ನಾನು ಕೂತೆ.

ಅಪ್ಪ ಚೆನ್ನಾಗಿಯೇ ಆಡುತ್ತಿದ್ದ. ಕೊನೆಯ ತಿರುವಿನಲ್ಲಿ ಕೈ ನಡುಗಿತು. ನನ್ನ ಕಸುಬೇ ಅಂಥದು: ಎದುರಿಗೆ ಕೂತವರ ಮುಖವನ್ನು ಕೇಳದೆಯೇ ಹಿಡಿಯುತ್ತೇನೆ, ಕಿವಿಯ ಹಿಂದೆ ಬೆರಳು ತೂರಿಸುತ್ತೇನೆ, ಮೂಗಿನ ಮೇಲೆ ಸರಿಪಡಿಸುತ್ತೇನೆ. ಯೋಚಿಸುವ ಮೊದಲೇ ನನ್ನ ಕೈ ಅಪ್ಪನ ಕೈಯ ಮೇಲಿತ್ತು. ಮೌಸು ನೆಟ್ಟಗಾಯಿತು, ಗುಂಡು ಗೋಡೆ ಸವರಿಕೊಂಡು ಹೋಗಿ ಬಾವುಟ ಮುಟ್ಟಿತು, ಕಂಪ್ಯೂಟರು ತುತ್ತೂರಿ ಊದಿತು.

"ಗೆದ್ದೆ ಅಪ್ಪಾ, ಗೆದ್ದೆ!" ಎಂದು ಕೂಗಿದೆ.

ಅಪ್ಪ ನನ್ನ ಕೈಯ ಅಡಿಯಿಂದ ತನ್ನ ಕೈಯನ್ನು ಮೆಲ್ಲಗೆ ಎಳೆದುಕೊಂಡ. "ಗೆದ್ದಿದ್ದು ನೀನು. ನೀನೇ ಆಡ್ಕೋ."

ಆಟ ನಿಂತಿತು. ಆಟದ ಜೊತೆಗೆ ವ್ಯಾಯಾಮವೂ ನಿಂತಿತು. ಮುಚ್ಚಿದ ಬಾಗಿಲಾಚೆ ತಟ್ಟೆಯ ಸದ್ದು, ಕೆಮ್ಮು. ಬೆರಳುಗಳು ಒಳಕ್ಕೆ ಮಡಚಿಕೊಳ್ಳತೊಡಗಿದವು. ಇನ್ನೂ ಸ್ವಲ್ಪ ದಿನ ಹೀಗೇ ಬಿಟ್ಟರೆ ಅವು ಮತ್ತೆ ಬಿಚ್ಚುವುದಿಲ್ಲ ಎಂದು ವ್ಯಾಯಾಮದ ಹೆಣ್ಣುಮಗಳು ನನ್ನ ಮುಖ ನೋಡದೆ ಹೇಳಿದಳು. ನಾನು ಬೇಡಿಕೊಂಡೆ, ರೇಗಿದೆ, ಅತ್ತೂ ನೋಡಿದೆ. ಅಪ್ಪ ಕಲ್ಲಿನಂತೆ ಕೂತಿದ್ದ.

ಭಾವ ಊರಿಂದ ಬಂದವರೇ ಅಕ್ಕನಿಂದ ವಿಷಯ ಕೇಳಿಕೊಂಡು ಬಂದರು. ಬುದ್ಧಿ ಹೇಳಲಿ, ತಿರುಗಿ ಬೀಳುತ್ತೇನೆ ಎಂದು ನಾನು ಸಿದ್ಧನಾಗಿಯೇ ಇದ್ದೆ. ಅವರು ನನ್ನನ್ನು ನೋಡಲೂ ಇಲ್ಲ. ಅಪ್ಪನ ಕೋಣೆಯ ಹೊಸ್ತಿಲಲ್ಲಿ ನಿಂತು, ನನ್ನ ಕಡೆಗೊಂದು ಬೆರಳು ತೋರಿಸಿ ಹೇಳಿದರು: "ಮಾವ, ನಿಮ್ಮ ಮಗನಿಗೆ ಆಟ ಬರಲ್ಲ. ಸ್ವಲ್ಪ ಕಲಿಸಿಕೊಡಿ."

ಆಟ ಬರಲ್ಲವೇ? ನನಗೆ? ಕಟ್ಟಕಡೆಯ ಹಲಗೆ ದಾಟಿದವನಿಗೆ? ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗಿ ಬಾಯಿ ತೆರೆದೆ. ಭಾವನ ಬಲಗಾಲು ನೆಲವನ್ನು ಒತ್ತಿತು. ಯಾಕೋ, ಬಾಯಿ ಮುಚ್ಚಿಕೊಂಡೆ. ಅವರು ಚಹಾ ಬೇಕೆಂದು ಗೊಣಗುತ್ತಾ ಅಡುಗೆಮನೆಯ ಕಡೆ ನಡೆದುಬಿಟ್ಟರು.

ಮೌಸು ಹಿಡಿದು ಕೂತೆ. ಅಪ್ಪ ಮಂಚದಲ್ಲೇ ಇದ್ದ. ಹೇಗೆ ಆಡುವುದೆಂದು ತೋರಿಸಿಬಿಡುತ್ತೇನೆ ಎಂಬ ಹಟ ನನ್ನದು. ಆದರೆ ಅಪ್ಪನ ಕಣ್ಣು ಬೆನ್ನ ಮೇಲಿದೆ ಎನ್ನಿಸಿದ್ದೇ, ಅಂಗಡಿಯಲ್ಲಿ ಪಳಗಿದ್ದ ಕೈ ನಿಜಕ್ಕೂ ಕೈಕೊಟ್ಟಿತು. ಗುಂಡು ಬಿತ್ತು. ಮತ್ತೆ ಬಿತ್ತು. ಮಂಚ ಕಿರುಗುಟ್ಟಿತು, ಪಕ್ಕದ ಕುರ್ಚಿ ಸರಿಯಿತು.

"ಓಡಿಸ್ಬೇಡ ಅದನ್ನ" ಎಂದ ಅಪ್ಪ. "ಅಕ್ಷರದ ಸುತ್ತು ತಿರುಗೋ ಮುಂಚೆ ಕುಂಚ ನಿಧಾನ ಆಗ್ಬೇಕು. ತಿರುಗಿದ್ಮೇಲೆ ಆದ್ರೆ ಬಣ್ಣ ಸುರಿಯತ್ತೆ."

ಚಿಕ್ಕಂದಿನಲ್ಲಿ ನನ್ನ ಕೈಗೆ ಕುಂಚ ಕೊಟ್ಟು ನೋಡಿ, ಇದು ಆತುರದ ಕೈ ಎಂದು ಕಸಿದಿಟ್ಟವನು ಅವನು. ಆಮೇಲೆ ಏನನ್ನೂ ಕಲಿಸಲು ನನ್ನ ಪಕ್ಕ ಕೂತವನಲ್ಲ. ಈಗ ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ನಿಲ್ಲು, ಹ್ಞಾ, ಈಗ ಬಿಡು, ಅಷ್ಟೇ ಅಷ್ಟೇ. ಇಡೀ ಸಂಜೆ ಹೀಗೇ ಬೈಸಿಕೊಂಡು ಕೂತಿರಲು ನಾನು ಸಿದ್ಧನಿದ್ದೆ. ಕೊನೆಗೆ ನನ್ನ ಗುಂಡು ಬಾವುಟದ ಹೊಸ್ತಿಲಲ್ಲಿ ಮುಗ್ಗರಿಸಿದಾಗ ಅಪ್ಪನಿಗೆ ತಡೆಯಲಾಗಲಿಲ್ಲ. "ಥೂ, ಕೊಡು ಇಲ್ಲಿ!"

ಮೌಸಿಗೆ ಬಂದದ್ದು ಬಲಗೈ. ಮಡಚಿದ ಬೆರಳುಗಳು ಒಂದೊಂದಾಗಿ ಬಿಚ್ಚಿ ಅದನ್ನು ಹಿಡಿದವು. ನನ್ನ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಅದುಮಿಟ್ಟುಕೊಂಡೆ. ಗುಂಡು ಗೋಡೆಗೊರಗಿ ಸಾಗಿತು, ಮೂಲೆಯಲ್ಲಿ ಕೂತು ದಣಿವಾರಿಸಿಕೊಂಡಿತು, ಎರಡು ಗುಂಡಿಗಳ ನಡುವೆ ಹಾಯ್ದಿತು, ಮೂರನೆಯದರಲ್ಲಿ ಬಿತ್ತು. ಅಪ್ಪ ನಕ್ಕ. "ಹೋಗ್ಲಿ ಬಿಡು, ಇನ್ನೊಂದು ಬರತ್ತೆ" ಎಂದ, ನನಗೆ.

ಮತ್ತೆ ಅಡುಗೆಮನೆಯ ಕಡೆ ತಿರುಗಿ ಕೂಗಿದ: "ಅಳಿಯಂದ್ರೇ, ಪರವಾಗಿಲ್ಲ, ಇವನಿಗೂ ಬರತ್ತೆ!"

ಎದ್ದು ಹೋಗಿ ನೋಡಿದೆ. ತೊಳೆದ ಲೋಟ ಬೋರಲಾಗಿತ್ತು, ಹಿಂಬಾಗಿಲು ತೆರೆದಿತ್ತು. ಸಂಜೆಯ ಪಾಠಕ್ಕೆ ಹೊತ್ತಾಯಿತೆಂದು ಅವರು ಆಗಲೇ ಹೋಗಿಬಿಟ್ಟಿದ್ದರು.

ಈಗ ಅಪ್ಪ ನಮ್ಮೊಡನೆ ಪಡಸಾಲೆಯಲ್ಲೇ ಉಣ್ಣುತ್ತಾನೆ. ಚೆಲ್ಲುತ್ತಾನೆ, ಒರೆಸಿಕೊಳ್ಳುತ್ತಾನೆ, ಮತ್ತೆ ತುತ್ತು ಎತ್ತುತ್ತಾನೆ. ಮಗನೇ ಪಕ್ಕದಲ್ಲಿ ಕೂತು ಕೈ ಸರಿಮಾಡಿಬಿಟ್ಟ ಎಂದು ನೆರೆಯವರು ನನ್ನನ್ನು ಹೊಗಳುತ್ತಾರೆ. ಅಲ್ಲೇ ಕೂತ ಭಾವ ಹೌದೆಂದು ತಲೆಯಾಡಿಸುತ್ತಾರೆ, ನನಗೆ ಒಳಗೊಳಗೇ ಉರಿಯುತ್ತದೆ. ಕೈಹಿಡಿದು ನಡೆಸಿದವರನ್ನು ಲೋಕ ಬಲ್ಲದು. ಅವರಿಗೆ ಕೈಮುಗಿಯಬಹುದು, ಬೇಸರವಾದರೆ ಅವರ ಕೈ ಕೊಡವಿಕೊಳ್ಳಲೂಬಹುದು. ಪಕ್ಕದ ಸೀಟಿನವರು ಬೇರೆಯೇ ಜಾತಿ. ಅವರು ಕಲಿಸಿದವರೆಲ್ಲ ತಂತಮ್ಮ ಕಾರುಗಳಲ್ಲಿ ಅವರನ್ನೇ ಹಿಂದಿಕ್ಕಿ, ತಾವಾಗಿಯೇ ಕಲಿತೆವೆಂಬ ನಂಬಿಕೆಯಲ್ಲಿ ಹೋಗುತ್ತಾರೆ. ಅವರಿಗೂ ಬೇಕಾದದ್ದು ಅದೇ. ಇಂಥವರೊಡನೆ ಜಗಳವಾಡೋಣವೆಂದರೆ ಅವರು ಏನನ್ನೂ ಕಸಿದುಕೊಂಡಿಲ್ಲ, ಋಣ ತೀರಿಸೋಣವೆಂದರೆ ಕೊಟ್ಟೆವೆಂದು ಒಪ್ಪುವುದಿಲ್ಲ. ನನ್ನ ಅಪ್ಪನನ್ನು ನನ್ನ ಪಕ್ಕಕ್ಕೆ ತಂದು ಕೂರಿಸಿದವರು ಅವರು. ಅದು ನನ್ನದೇ ಸಂಪಾದನೆ ಎಂದು ನಾನು ಹೇಳಿಕೊಂಡು ತಿರುಗುವಂತೆ ಮಾಡಿಟ್ಟವರೂ ಅವರೇ. ಇಂಥ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡದೆ ಇನ್ನೇನು ಪಡಲಿ?