ಅತ್ತಿಗೆ ಏಳಬೇಕಾದ ಹಾಸಿಗೆ

ಎರಡು ವರ್ಷದಿಂದ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ನಮ್ಮ ಮನೆಯಲ್ಲಿ ರಾತ್ರಿ ಉಳಿದಿರಲಿಲ್ಲ. ಬೆಳಿಗ್ಗೆ ಬಂದು, ಊಟ ಮುಗಿಸಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ತಪ್ಪು ನಮ್ಮ ಹತ್ತಿ ಹಾಸಿಗೆಯದು. ಕೊನೆಯ ಸಲ ಅದರಲ್ಲಿ ಹೂತುಹೋಗಿದ್ದ ಅವರನ್ನು ಎತ್ತಲು ನಾನು, ನನ್ನ ಗಂಡ, ಕೊನೆಗೆ ಪಕ್ಕದ ಮನೆಯ ಹಲ್ಲಿನ ಡಾಕ್ಟರೂ ಕೈಹಾಕಬೇಕಾಯಿತು. "ಕೀಳೋದು ಅಭ್ಯಾಸ ಇರೋರೇ ಬೇಕಿತ್ತು" ಎಂದು ಅತ್ತಿಗೆ ನಕ್ಕರು. ನಕ್ಕರು, ಆದರೆ ಮತ್ತೆ ಮಲಗಲಿಲ್ಲ.

ಅವರಿದ್ದರೆ ರಾತ್ರಿ ಊಟವಾದ ಮೇಲೆ ನೆಂಟರಿಷ್ಟರ ಮಾನವೆಲ್ಲ ಹರಾಜಾಗುತ್ತದೆ. ಇಲ್ಲದಿದ್ದರೆ ನಾವಿಬ್ಬರೂ ಗೋಡೆ ನೋಡುತ್ತ ಆಕಳಿಸುತ್ತೇವೆ. ಅದಕ್ಕೇ ಗಟ್ಟಿ ಹಾಸಿಗೆ ತರಲು ಹೊರಟೆವು. ಅಪರೂಪಕ್ಕೆ ಬಳಸುವುದು, ಅಗ್ಗದ್ದೇ ಸಾಕು.

"ಇದರ ಮೇಲೆ ಮಲಗಿದ್ರೆ ಮೋಡದ ಮೇಲೆ ಮಲಗಿದ ಹಾಗೆ ಸರ್" ಎಂದ ಅಂಗಡಿಯ ಟೈ ಕಟ್ಟಿದ ಯುವಕ.

"ಮೋಡದ ಮೇಲೆ ಹೋಗೋಕೆ ಇನ್ನೂ ಟೈಮಿದೆಯಪ್ಪ. ಈಗ ನೆಲದಂಥದ್ದು ತೋರಿಸು" ಎಂದರು ನನ್ನ ಗಂಡ.

ಅವರು ಮಡಚಿದ ಕೊಡೆಯ ಹಾಗಿರುವವರು. ತಾವು ಮಲಗಿದರೆ ಏನೂ ತಿಳಿಯುವುದಿಲ್ಲ ಎಂದು ಎರಡು ಚೀಲದ ತುಂಬ ಹಳೆಯ ಪೇಪರು ತುಂಬಿಸಿ ಆಟೋದಲ್ಲಿ ತಂದಿದ್ದರು. ಎರಡನ್ನೂ ಹಾಸಿಗೆಯ ಮೇಲೆ ದೊಪ್ಪೆಂದು ಇಟ್ಟರು.

"ಏನ್ ಸರ್ ಇದು?"

"ನಮ್ಮಕ್ಕ."

ಯುವಕ ನನ್ನ ಮುಖ ನೋಡಿದ. ನನಗೆ ಆಗಲೇ ಹೊಳೆದದ್ದು: "ರೀ, ಚೀಲ ಮಲಗುತ್ತೆ. ಏಳಬೇಕಲ್ಲ?"

ಕ್ಯಾಶ್ ಕೌಂಟರಿನ ಹಿಂದೆ ಕೂತಿದ್ದ ದಪ್ಪನೆಯ ಹೆಂಗಸು ಎದ್ದು ಬಂದಳು. "ನಿಮ್ಮ ಅತ್ತಿಗೆ ನನ್ನಷ್ಟಿದ್ದಾರಾ ಅಮ್ಮ?"

ಹೌದೆನ್ನಲು ನನಗೆ ಸಂಕೋಚ. ನನ್ನ ಗಂಡನಿಗೆ ಆ ತೊಂದರೆಯಿಲ್ಲ. "ಹೆಚ್ಚೂಕಡಿಮೆ" ಎಂದರು. ನಾನು ಅವರ ತೋಳು ಚಿವುಟಿದೆ.

"ಪಾಪ, ಯಾಕೆ ಚಿವುಟ್ತೀರಾ? ನಮ್ಮನೇಲೂ ಕನ್ನಡಿ ಇದೆ" ಎಂದು ಚಪ್ಪಲಿ ಬಿಟ್ಟು ಮಲಗಿಯೇಬಿಟ್ಟಳು.

ಮೋಡದ ಹಾಸಿಗೆ ಅವಳನ್ನು ನುಂಗಿತು. "ನೋಡ್ತಾ ನಿಂತಿದ್ದೀಯಲ್ಲೋ, ಎಳಿ!" ಎಂದು ಟೈ ಹುಡುಗನನ್ನು ಗದರಿದಳು. ಎರಡನೆಯದರಲ್ಲಿ ಮೊಣಕೈ ಊರಿದಲ್ಲೇ ಗುಳಿಬಿತ್ತು. ಮೂಲೆಗೆ ಒರಗಿಸಿಟ್ಟಿದ್ದ ತೆಂಗಿನ ನಾರಿನ ಹಾಸಿಗೆಯನ್ನು ಅವಳೇ ಹಾಕಿಸಿದಳು. ಮಲಗಿದಳು, ಮಗ್ಗುಲಾದಳು, ಒಂದು ಕೈಯೂರಿ ಉಸ್ಸೆನ್ನದೆ ಎದ್ದು ಕೂತಳು.

"ಮಲಗೋಕೆ ಕಲ್ಲು, ಏಳೋಕೆ ಬಂಗಾರ. ಇದೇ ತಗೊಳ್ಳಿ, ಇರೋದರಲ್ಲಿ ಇದೇ ಅಗ್ಗ" ಎಂದವಳು, ಟೈ ಹುಡುಗನ ಮುಖ ಹುಳ್ಳಗಾದದ್ದನ್ನು ಗಮನಿಸದವಳಂತೆ ಸೆರಗು ಸರಿಮಾಡಿಕೊಂಡು ಕೌಂಟರಿಗೆ ಹೋದಳು.

ಮುಂದಿನ ವಾರ ಅತ್ತಿಗೆ ಬಂದರು. ಹಾಸಿಗೆಯನ್ನು ಮುಷ್ಟಿಯಿಂದ ಗುದ್ದಿ ನೋಡಿದರು. ಬಸ್ಸಿನ ಮಾತೆತ್ತಲಿಲ್ಲ.

ಬೆಳಗಾಗುತ್ತಲೇ ನಾವಿಬ್ಬರೂ ಅವರ ಕೋಣೆಯ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೆವು. ನನ್ನ ಗಂಡ ಹಲ್ಲಿನ ಡಾಕ್ಟರಿಗೂ ಮೊದಲೇ ಹೇಳಿಟ್ಟಿದ್ದರು. ಒಳಗೆ ಮಂಚ ಕಿರ್ ಎಂದಿತು. ಆಮೇಲೆ ಸದ್ದಿಲ್ಲ. ನಾನು ಬಾಗಿಲು ತಟ್ಟಲು ಕೈಯೆತ್ತಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಏನ್ರೋ, ಹೆಣ ಎತ್ತೋಕೆ ಬಂದವರ ಹಾಗೆ ನಿಂತಿದ್ದೀರಾ?"

"ಹೇಗಿತ್ತಕ್ಕ ಹಾಸಿಗೆ?"

"ಹಾಸಿಗೇನೋ ಇದು? ಅಕ್ಕನ್ನ ಹಲಗೆ ಮೇಲೆ ಮಲಗಿಸಿದೀಯಲ್ಲೋ ಜುಗ್ಗ!" ಎಂದು ಸೊಂಟ ನೀವಿಕೊಂಡು ಅಡುಗೆಮನೆಗೆ ನಡೆದರು. ಹೋಗುತ್ತ ನನ್ನತ್ತ ತಿರುಗಿದರು: "ಇವತ್ತು ರಾತ್ರಿ ಒಂದು ದಿಂಬು ಜಾಸ್ತಿ ಕೊಡು. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ನಾನು? ಚಿಕ್ಕಪ್ಪನ ಎರಡನೇ ಮದುವೆಗೆ ತಾನೇ?"