ಕಮಲಪ್ರಭಾ ಅತ್ತ ದಿನ

"ಬಂದ್ಲು, ಬಂದ್ಲು! ದಾರಿ ಬಿಡ್ರೋ!"

ಕಡೂರಿನಲ್ಲಿ ರೈಲಿಳಿದು ಬಾಡಿಗೆ ಕಾರಿನಲ್ಲಿ ಊರಿಗೆ ಬಂದ ಕಮಲಪ್ರಭಾಳಿಗೆ ಅಷ್ಟು ಜನರ ನಡುವೆ ತಾಯಿಯ ಹೆಣ ಎಲ್ಲಿದೆ ಎಂದೇ ಕಾಣಲಿಲ್ಲ. ನಿನ್ನೆಯಿಂದ ಅವಳಿಗಾಗಿಯೇ ಇಟ್ಟುಕೊಂಡು ಕಾದಿದ್ದರು. ಅಜ್ಜಂಪುರದಿಂದ, ತರೀಕೆರೆಯಿಂದಲೂ ಜನ ಬಸ್ಸು ಹತ್ತಿ ಬಂದಿದ್ದರು. ಸತ್ತ ಹಾಲಮ್ಮ ಅಂಥ ದೊಡ್ಡ ಹೆಂಗಸೇನಲ್ಲ. ಬದುಕಿದ್ದಾಗ ಅವಳ ಮನೆಗೆ ಬೆಂಕಿಪೊಟ್ಟಣ ಕೇಳಲೂ ಯಾರೂ ಬರುತ್ತಿರಲಿಲ್ಲ. ಮಗಳು ಅಳುವುದನ್ನು ನೋಡಲು ಬಂದಿದ್ದರು, ಅಷ್ಟೇ. ಇಪ್ಪತ್ತು ವರ್ಷ ತೆರೆಯ ಮೇಲೆ ಸವತಿಯ ಕಾಟಕ್ಕೆ, ಗಂಡನ ಸಾವಿಗೆ, ಕಳೆದುಹೋದ ಮಗುವಿಗೆ ಅತ್ತವಳು. ಅವಳ ಪಿಕ್ಚರು ಬಂದರೆ ಟೆಂಟಿನ ನೆಲವೆಲ್ಲ ಒದ್ದೆ ಎಂದು ಪೇಪರಿನವರೇ ಬರೆದಿದ್ದರು.

ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದ ತಾಯಿಯ ಮುಂದೆ ಅವಳು ಕುಳಿತಳು. ಗುಂಪು ಮುಂದಕ್ಕೆ ಒತ್ತರಿಸಿ ಬಂತು. ಕಾಣಲೆಂದು ಮರ ಹತ್ತಿದವರೂ ಇದ್ದರು, ನಾಚಿಕೆಗೆಟ್ಟವರು.

ಅಳು ಬರಲಿಲ್ಲ. ಆ ಸೀಮೆಯಲ್ಲಿ ಹೆಣ್ಣುಮಕ್ಕಳು ಸತ್ತವರ ಗುಣ ಹೇಳಿ, ಹಾಡಿಕೊಂಡು ಅಳುತ್ತಾರೆ. ಮಾತು ತಾನಾಗಿ ಬರಬೇಕು. ಇವಳಿಗೆ ಬಂದ ಮಾತೆಲ್ಲ ಯಾರೋ ಬರೆದುಕೊಟ್ಟವು. 'ಅಮ್ಮಾ, ನನ್ನನ್ನು ಅನಾಥೆ ಮಾಡಿ ಹೋದೆಯಾ' ಎಂಬುದು ನಾಲಿಗೆಯ ತುದಿಗೆ ಬಂತು; ಮೂರು ಚಿತ್ರಗಳಲ್ಲಿ ಹೇಳಿದ್ದಳು. ನುಂಗಿಕೊಂಡಳು. ಕ್ಯಾಮೆರಾದ ಮುಂದಿನ ರೂಢಿಯಲ್ಲಿ ಎಡಗೆನ್ನೆ ಬೆಳಕಿಗೆ ಬರುವಂತೆ ತಾನು ಮುಖ ತಿರುಗಿಸಿ ಕುಳಿತದ್ದು ಆಗ ಅರಿವಿಗೆ ಬಂದು, ತನ್ನ ಮೇಲೇ ಹೇಸಿಗೆಯಾಯಿತು. ಅವ್ವನಿಗೆ ಕೊಡಲು ಒಂದು ನಿಜವಾದ ಅಳು ತನ್ನಲ್ಲಿ ಉಳಿದೇ ಇಲ್ಲವೇನೋ ಎಂದು ಭಯಪಟ್ಟಳು.

"ಕಲ್ಲು ಕಣೇ ಇವ್ಳು," ಎಂದಳು ಹಿಂದಿನಿಂದ ಒಬ್ಬಳು. "ದುಡ್ಡು ಕೊಟ್ರೇನೇ ಅಳಾದು."

ಅಣ್ಣ ಕರಿಸಿದ್ದಪ್ಪ ಬಗ್ಗಿ, ಅವಳ ಹುಟ್ಟುಹೆಸರು ಹಿಡಿದು ಪಿಸುಗುಟ್ಟಿದ: "ಈರೀ, ಅಳೇ. ಮರ್ವಾದೆ ಹೋಯ್ತದೆ. ಪಿಚ್ಚರ್ನಾಗೆ ಅಳ್ತೀಯಲ್ಲ, ಹಂಗೆ ಅತ್ಬಿಡು, ಸಾಕು."

ಪಕ್ಕದ ಮನೆಯ ಮುದುಕಿ ಹುಚ್ಚಮ್ಮ ಅವನನ್ನು ಅತ್ತ ತಳ್ಳಿದಳು. "ನೀನ್ ಸುಮ್ಕಿರೋ. ಅಳ್ಬ್ಯಾಡ ಕಣವ್ವ. ನೀನ್ ಅಳಾದ್ನ ನಿಮ್ಮವ್ವಂಗೆ ನೋಡಾಕಾಗ್ತಿರ್ಲಿಲ್ಲ. ಅಜ್ಜಂಪುರದ ಟೆಂಟ್ಗೆ ನಿನ್ ಪಿಚ್ಚರ್ ಬಂದ್ರೆ ನನ್ನೂ ಕರ್ಕೊಂಡು ನಡ್ಕೊಂಡೇ ಹೋಗೋಳು. ನೀನ್ ಅಳಾಕ್ ಸುರು ಮಾಡಿದ್ರೆ ಎದ್ದು ನಿಂತ್ಕಂಡು, 'ಸಾಕು ಬಿಡ್ರೋ, ಅವ್ಳಿಗೆ ಉಣ್ಣಾಕಿಕ್ರೋ, ಬಡವಾಗವ್ಳೆ' ಅಂತ ಕೂಗೋಳು. ಜನ ನಗೋರು. ಟೆಂಟ್ನೋರು ಕೈ ಹಿಡ್ದು ಹೊರಾಕ್ ಕಳ್ಸೋರು. ಪಿಚ್ಚರ್ ಮುಗಿಯೋಗಂಟ ಬಾಗ್ಲಾಗೇ ಕುಂತಿರೋಳು, ಕಿವಿ ಮುಚ್ಕಂಡು."

ಕಮಲಪ್ರಭಾಳ ಗಂಟಲಿನಿಂದ ಒಂದು ಸದ್ದು ಹೊರಟಿತು. ಹಾಡಲ್ಲ, ಮಾತಲ್ಲ; ಈಯಲಾರದ ಹಸು ಒರಲಿದ ಹಾಗೆ. ಮೂಗು ಸುರಿಯಿತು, ಬಾಯಿ ಸೊಟ್ಟಗಾಯಿತು, ಜೊಲ್ಲು ತಾಯಿಯ ಸೀರೆಯ ಮೇಲೆ ಇಳಿಯಿತು. ಆ ತಣ್ಣನೆಯ ಪಾದಗಳಿಗೆ ಹಣೆ ಚಚ್ಚಿಕೊಂಡಳು. ನಿಲ್ಲಿಸಲು ಅವಳ ಕೈಲಾಗಲಿಲ್ಲ.

ಗುಂಪು ಸ್ವಲ್ಪ ಹೊತ್ತು ನೋಡಿತು. "ಇದೇನೇ ಇದು," ಎಂದಳು ತರೀಕೆರೆಯಿಂದ ಬಂದಿದ್ದವಳು, "ಪಿಚ್ಚರ್ನಲ್ಲಿ ಎಷ್ಟ್ ಚೆಂದಾಗ್ ಅಳ್ತಿದ್ಲು!"

"ವಯಸ್ಸಾಯ್ತಲ್ಲ," ಎಂದಳು ಜೊತೆಯವಳು. "ಬಾ, ನಾಕ್ ಗಂಟೆ ಬಸ್ಸಾದ್ರೂ ಸಿಗ್ತದೆ."

ಜಗಲಿಯ ಮುಂದೆ ಜಾಗ ತೆರವಾಗುತ್ತ ಬಂತು. ಹುಚ್ಚಮ್ಮ ತನ್ನ ಸೆರಗಿನ ತುದಿ ಹಿಡಿದು, ಎಳೆಕೂಸಿಗೆ ಒರೆಸುವಂತೆ, ಅವಳ ಮೂಗು ಒರೆಸಿದಳು.